ಹುಲಿಪಟ್ಟೆಗೆ ಹೆದರಬೇಡಿ: ಫಂಡಸ್ ಫೋಟೋ ನೋಡುವ ಬಗೆ

ಮೈನಸ್ ಆರು ದಾಟಿದ ಕನ್ನಡಕದವರ ಫಂಡಸ್ ಫೋಟೋ, ಅಂದರೆ ಕಣ್ಣಿನ ಒಳಹಿಂಬದಿಯ ಚಿತ್ರ, ಕೈಗೆ ಬಂದರೆ, ಹೊಸಬರ ಕಣ್ಣು ನೇರ ಹೋಗುವುದು ಅದರ ಕಡುಗೆಂಪಿಗೆ. ಅದು ಆಮೇಲೆ. ಮೊದಲು ದೃಷ್ಟಿನರ ಒಳಬರುವ ತಿಳಿ ಹಳದಿ ಬಿಲ್ಲೆಯನ್ನು ಹುಡುಕಿ. ಸಾಮಾನ್ಯ ಕಣ್ಣಲ್ಲಿ ಅದು ಹೆಚ್ಚುಕಡಿಮೆ ದುಂಡಗೆ. ಇಲ್ಲಿ ಓರೆಯಾಗಿ ನೀಳವಾಗಿರುತ್ತದೆ. ಪಕ್ಕದಲ್ಲಿ, ಬಹುಪಾಲು ಕಿವಿಯ ಕಡೆಗೆ, ಬಿಳಿಚಿದ ಅರ್ಧಚಂದ್ರ. ದೊಡ್ಡವರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿ.ಮೀ. ಇವರದು 26 ಮೀರಿ, ಕೆಲವರಲ್ಲಿ 30ರ ಹತ್ತಿರಕ್ಕೂ ಹೋಗುತ್ತದೆ. ಗುಡ್ಡೆ ಹಿಂದಕ್ಕೆ ಜಗ್ಗಿದಾಗ ಒಳಪದರಗಳು ನರದ ಅಂಚು ಬಿಟ್ಟು ಸರಿದ ಜಾಗವೇ ಆ ಚಂದ್ರ.

ಈಗ ಕೆಂಪಿಗೆ ಬನ್ನಿ. ರೆಟಿನಾದ ಹಿಂದಿನ ಕೋರಾಯ್ಡ್ ಪದರದ ದಪ್ಪ ರಕ್ತನಾಳಗಳು ಹುಲಿಪಟ್ಟೆಯಂತೆ ಎದ್ದು ಕಾಣುತ್ತವೆ. ನೋಡಲು ಭಯಂಕರ, ಆದರೆ ಇಂಥ ಕಣ್ಣುಗಳ ಹಾನಿಯನ್ನು ಹಂತಗಳಾಗಿ ವಿಂಗಡಿಸುವ, 2015ರಲ್ಲಿ ಬಂದ ಮೆಟಾ-ಪಿಎಂ ವರ್ಗೀಕರಣದಲ್ಲಿ ಇದು ಬರೀ ಒಂದನೇ ಹಂತ; ಇಷ್ಟನ್ನೇ ರೋಗ ಎನ್ನುವುದಿಲ್ಲ. ಎಚ್ಚರ ಬೇಕಾದದ್ದು ಎರಡನೇ ಹಂತದ ಮಂಕು ಹಳದಿಗೆ. ಅಂಚಿಲ್ಲದೆ ಹರಡಿಕೊಳ್ಳುವ ಆ ಬಣ್ಣ ಎಷ್ಟು ಸಪ್ಪೆಯೆಂದರೆ ಹೊಸಬರು ಅದನ್ನು ದಾಟಿಯೇ ಹೋಗುತ್ತಾರೆ. ಮೂರನೆಯದರಲ್ಲಿ ಅಂಚು ಖಚಿತವಾದ ಬಿಳಿ ತೇಪೆಗಳು. ನಾಲ್ಕರಲ್ಲಿ ನಡುಭಾಗವೇ, ಅಂದರೆ ಮ್ಯಾಕ್ಯುಲಾವೇ, ಸವೆದಿರುತ್ತದೆ. ತೆಳು ಹಳದಿ ಗೆರೆಗಳು ಕಂಡರೆ ನಿಂತು ನೋಡಿ. ಅವು ರೆಟಿನಾದ ತಳದ ಬ್ರೂಕ್ಸ್ ಪೊರೆ ಬಿರುಕುಬಿಟ್ಟ ಗುರುತು. ಅಲ್ಲಿಂದ ಹೊಸ ರಕ್ತನಾಳ ನುಗ್ಗಿ ಸೋರಬಹುದು.

ಫೋಟೋದ ದೌರ್ಬಲ್ಯ ಒಂದೇ: ಆಳ ತೋರದು. ಆ ಕೆಲಸ 1991ರಲ್ಲಿ ಬೆಳಕಿಗೆ ಬಂದ ಓಸಿಟಿ ಎಂಬ ಸ್ಕ್ಯಾನಿನದು. ಅದು ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುತ್ತದೆ. ಸಾಧಾರಣವಾಗಿ ಕಾಲು ಮಿಲಿಮೀಟರಿನಷ್ಟಿರುವ ಕೋರಾಯ್ಡ್ ಇಲ್ಲಿ ಅದರ ಅರ್ಧವೂ ಉಳಿಯದೆ ಸಣಕಲಾಗಿರುವುದುಂಟು. ಒಮ್ಮೊಮ್ಮೆ ರೆಟಿನಾವೇ ಎರಡಾಗಿ ಬಿಟ್ಟುಕೊಂಡು, ನಡುವೆ ಸಣ್ಣ ಕಂಬಗಳು ನಿಂತಿರುತ್ತವೆ. ಬಣ್ಣದ ಫೋಟೋದಲ್ಲಿ ಇದರ ಸುಳಿವು ಸಿಗುವುದು ಅಪರೂಪ. (ಗುಡ್ಡೆ ತೀರಾ ಬಾಗಿದ್ದರೆ ಓಸಿಟಿ ಚಿತ್ರದ ಅಂಚು ತಲೆಕೆಳಗಾಗಿ ಮಡಚಿಕೊಳ್ಳುತ್ತದೆ. ಅದು ಯಂತ್ರದ ಚೇಷ್ಟೆ, ರೆಟಿನಾ ಕಳಚಿತೆಂದು ಗಾಬರಿಯಾಗಬೇಡಿ.)

ಒಂಟಿ ಚಿತ್ರಕ್ಕಿಂತ ಎರಡು ವರ್ಷಗಳ ಅಂತರದ ಜೋಡಿ ಚಿತ್ರ ಹೆಚ್ಚು ಹೇಳುತ್ತದೆ. ಹಾಗಾಗಿ ನಿಮ್ಮ ಹಳೆಯ ಫೋಟೋಗಳನ್ನು ಫೈಲಿನಲ್ಲಿ ಜೋಪಾನವಾಗಿಡಿ, ಪ್ರತಿ ತಪಾಸಣೆಗೂ ಒಯ್ಯಿರಿ. ಬಾಗಿಲ ಚೌಕಟ್ಟಿನಂಥ ನೇರ ಗೆರೆ ಸೊಟ್ಟಗೆ ಕಂಡರೆ, ಕಣ್ಣಲ್ಲಿ ಏಕಾಏಕಿ ಮಿಂಚು ಹೊಡೆದರೆ ಮಾತ್ರ ಮುಂದಿನ ತಾರೀಖಿಗೆ ಕಾಯದೆ ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ.