ಚಿತ್ರಪಟದಲ್ಲಿ ಗಾಯಕನ ಚರಿತ್ರೆ

ಗಾಯಕರ ಜೀವನವನ್ನು ಚಿತ್ರಪಟಕ್ಕಿಳಿಸುವವರಿಗೆ ವಿಲಕ್ಷಣವಾದ ತೊಡಕೊಂದುಂಟು. ಹಾಡನ್ನು ಕೇಳಿಸಬಹುದು, ಹಾಡಿದವನ ವೇಷವನ್ನೂ ತೊಡಿಸಬಹುದು. ಆದರೆ ಆ ಹಾಡು ಇವನಲ್ಲಿಯೇ ಏಕೆ ಹುಟ್ಟಿತೆಂಬುದನ್ನು ತೋರಿಸುವುದೆಂತು? 2021ರಲ್ಲಿ ಮಧುಸೂದನ ಹವಾಲ್ದಾರರು ‘ಶ್ರೀ ಜಗನ್ನಾಥದಾಸರು’ ಎಂಬ ಚಿತ್ರವನ್ನು ನಿರ್ದೇಶಿಸಿದಂದಿನಿಂದ ಈ ಪ್ರಶ್ನೆಯು ರಾಯಚೂರಿನವರಾದ ನಮಗೆ ಮನೆಯ ಪ್ರಶ್ನೆಯೇ ಆಗಿದೆ. ಇದನ್ನು ವಿಚಾರಿಸಲು ಅತಿದೂರದ ಚಿತ್ರವೊಂದು ನೆರವಾದೀತು.

ಅಮೆರಿಕೆಯ ಲೂಯಿಸ್ ವಾಲ್ಡೆಜ್ 1987ರಲ್ಲಿ ನಿರ್ದೇಶಿಸಿದ ‘ಲಾ ಬಾಂಬಾ’ದ ನಾಯಕನು ರಿಚಿ ವ್ಯಾಲೆನ್ಸ್ ಎಂಬ ರಾಕ್ ಅಂಡ್ ರೋಲ್ ಗಾಯಕ. ಮೆಕ್ಸಿಕೋ ಮೂಲದ ಬಡ ಮನೆತನದ ಬಾಲಕ. ತನ್ನವರ ಹಳೆಯ ಜಾನಪದ ಹಾಡೊಂದನ್ನು ಗಿಟಾರಿನ ಹೊಸ ಲಯಕ್ಕೆ ಹೊಂದಿಸಿ ಹೆಸರಾದನು. 1959ರ ಫೆಬ್ರವರಿ 3ರಂದು ವಿಮಾನಾಪಘಾತದಲ್ಲಿ ಮಡಿದನು. ಆಗ ಅವನಿಗೆ ವಯಸ್ಸು 17! ವಿಮಾನದಲ್ಲಿ ಅವನಿಗೆ ಸ್ಥಳ ದೊರೆತದ್ದು ನಾಣ್ಯ ಚಿಮ್ಮಿದ ಪಂದ್ಯದಿಂದ. ಇಷ್ಟು ಕುರುಡಾದ ಆಕಸ್ಮಿಕವನ್ನು ಚಿತ್ರವು ಮೊದಲಿನಿಂದಲೂ ದುಃಸ್ವಪ್ನಗಳ ಮೂಲಕ ವಿಧಿಲಿಖಿತವೆಂಬಂತೆ ಸೂಚಿಸುತ್ತ ಬರುತ್ತದೆ. ಇದು ನಮಗೆ ರುಚಿಸಲಿಲ್ಲ.

ಆದರೂ ಚಿತ್ರವು ಮನಸ್ಸಿನಲ್ಲಿ ನಿಲ್ಲುವುದು ಬಾಬ್ ಎಂಬ ಅಣ್ಣನಿಂದ. ತಾಯಿ ಒಬ್ಬಳೇ, ತಂದೆ ಬೇರೆ. ಕುಡುಕ, ಒರಟ; ತಮ್ಮನನ್ನು ಪ್ರೀತಿಸುವವನೂ ಅವನೇ, ಅವನ ಏಳಿಗೆಯನ್ನು ಸಹಿಸಲಾರದವನೂ ಅವನೇ. ಚಿತ್ರ ಬರೆಯುವ ಅವನ ಕೈಗುಣವನ್ನು ಮನೆಯಲ್ಲಿ ಕೇಳುವವರಿಲ್ಲ. ಕೊನೆಗೆ ಅವನು ಸೇತುವೆಯ ಮೇಲೆ ನಿಂತು ತಮ್ಮನ ಹೆಸರನ್ನು ಕೂಗುವಾಗ, ಗಾಯಕನ ಕೀರ್ತಿಗೆ ತೆತ್ತ ಬೆಲೆಯೆಷ್ಟೆಂಬುದು ಪ್ರೇಕ್ಷಕನಿಗೆ ಥಟ್ಟನೆ ಹೊಳೆಯುತ್ತದೆ.

ಇನ್ನು ನಮ್ಮ ಕಥೆ. ಮಾನವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ಚೀಕಲಪರ್ವಿಯ ವಿಜಯದಾಸರನ್ನು ಕಡೆಗಣಿಸಿ ಉದರಶೂಲೆಗೆ ತುತ್ತಾದರೆಂದೂ, ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದೂ ಐತಿಹ್ಯ. ಜೋಳದ ರೊಟ್ಟಿಯ ಮೂಲಕ ಆ ದಾನವಾಯಿತೆಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಪಡೆದವರು ಜಗನ್ನಾಥದಾಸರಾಗಿ ಎಂಬತ್ತು ದಾಟಿ ಬಾಳಿದರು. ಕೊಟ್ಟವರು ಐವತ್ತನ್ನು ಕಾಣಲಿಲ್ಲ.

ಭಕ್ತಿಚಿತ್ರಗಳ ವಾಡಿಕೆಯಂತೆ ಇಲ್ಲಿ ಪ್ರಭಾವಳಿ ಬೆಳಗಿಸಿ ಪವಾಡ ತೋರಿಸುವುದು ಬಹು ಸುಲಭ. ಕೊಡುವಾತನ ಮುಖವನ್ನು ತೋರಿಸುವುದೇ ಕಷ್ಟ. ಬಾಬನಲ್ಲಿ ಅಸೂಯೆಯಿತ್ತು; ಗೋಪಾಲದಾಸರಲ್ಲಿ ಅದರ ಲೇಶವೂ ಇಲ್ಲ. ಅಸೂಯೆಯನ್ನು ಅಭಿನಯಿಸುವ ನಟರು ಸಿಕ್ಕುತ್ತಾರೆ. ಅದಿಲ್ಲದಿರುವುದನ್ನು ಅಭಿನಯಿಸಬಲ್ಲವರು ವಿರಳ. ಅದಕ್ಕಿಂತಲೂ ಕಠಿನವಾದುದು ಆಚಾರ್ಯರ ಕಿವಿ. ಹೊಟ್ಟೆನೋವು ವಾಸಿಯಾದ ಮಾತ್ರಕ್ಕೆ ಕನ್ನಡದ ಮೇಲಣ ತಾತ್ಸಾರ ಹೋದೀತೆ? ಮುಂದೆ ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟುವಷ್ಟು ಆ ನುಡಿಯು ಅವರಿಗೆ ಒಲಿಯಬೇಕಾದರೆ, ಯಾವುದೋ ಒಂದು ಸಂಜೆ, ಯಾರದೋ ಬಾಯಿಂದ ಬಂದ ದಾಸರ ಪದವೊಂದನ್ನು ಅವರು ತಮ್ಮ ಪಾಂಡಿತ್ಯವನ್ನು ಮರೆತು ಕೇಳಿರಲೇಬೇಕು. ಆ ಸಂಜೆಯ ಮಾತು ಐತಿಹ್ಯದಲ್ಲಿಲ್ಲ. ಚಿತ್ರಕಾರನ ಕೆಲಸವಿರುವುದು ಅಲ್ಲಿಯೇ.