ಚಿತ್ರದೊಳಗಿನ ವಿವರ ಓದುವ ಹುಡುಕಾಟ

ಫೈಲ್ ಹುಡುಕುವ ತಂತ್ರಾಂಶಗಳಲ್ಲಿ ಹಲವು ಮೊದಲು ನೋಡುವುದು ಫೈಲಿನ ಹೆಸರನ್ನು. ಹಲಸಂಗಿ ಗೆಳೆಯರೆಂಬ ಬಳಗ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಜನಪದ ಗೀತೆಗಳ ಸಂಕಲನದ ಮುಖಪುಟವನ್ನು ಸ್ಕ್ಯಾನ್ ಮಾಡಿದರೆ ಯಂತ್ರ ಅದಕ್ಕೆ ಕೊಡುವ ಹೆಸರು ಬರಿಯ ಕ್ರಮಸಂಖ್ಯೆ. ಚಿತ್ರ ಯಾವುದು, ಯಾರದು, ಯಾವ ಕಾಲದ್ದು ಎಂಬ ಮೆಟಾಡೇಟಾ ಫೈಲಿನೊಳಗೇ ಇದ್ದು, ತಂತ್ರಾಂಶ ಅದನ್ನು ಓದಿದರೆ ಮಾತ್ರ ಆ ಮುಖಪುಟ ಬೇಕಾದಾಗ ಕೈಗೆ ಸಿಗುತ್ತದೆ.

ಈ ವಿವರಕ್ಕೆ ಮೂರು ಮನೆಗಳಿವೆ. ಎಕ್ಸಿಫ್‌ನಲ್ಲಿ ಕ್ಯಾಮೆರಾ ತಾನಾಗಿ ಬರೆಯುವ ದಿನಾಂಕ, ಲೆನ್ಸ್, ಸ್ಥಳ ಇರುತ್ತವೆ. ಐಪಿಟಿಸಿ ಪತ್ರಿಕಾ ಸಂಸ್ಥೆಗಳಿಗಾಗಿ ಬೆಳೆದ ಶೀರ್ಷಿಕೆ, ಕೀವರ್ಡ್‌ಗಳ ಪದ್ಧತಿ. ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಯೂನಿಕೋಡ್ ಆಧಾರಿತವಾದ್ದರಿಂದ ಕನ್ನಡಕ್ಕೆ ಅದೇ ಭದ್ರ. ಹಳೆಯ ಐಪಿಟಿಸಿ ಭಾಗದಲ್ಲಿ ಅಕ್ಷರಸಂಕೇತ ಯಾವುದೆಂದು ನಮೂದಾಗದಿದ್ದರೆ ಕನ್ನಡ ಕಲಸಿಹೋಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದೂ ಹುಡುಕಾಟಕ್ಕೆ ಸಿಗದು.

ವಿವರ ಬರೆಯಲು ಡಿಜಿಕ್ಯಾಮ್ ತಂತ್ರಾಂಶ ಅಥವಾ ಎಕ್ಸಿಫ್‌ಟೂಲ್ ಸಾಕು. ಡಿಜಿಕ್ಯಾಮ್ ಟ್ಯಾಗ್‌ಗಳನ್ನು ತನ್ನ ದತ್ತಕೋಶದಲ್ಲಿ ಇಟ್ಟುಕೊಳ್ಳುತ್ತದೆ. ಅವು ಫೈಲಿಗೂ ಇಳಿಯಬೇಕಾದರೆ ಮೆಟಾಡೇಟಾ ಸೆಟ್ಟಿಂಗ್‌ನಲ್ಲಿ ಆ ಆಯ್ಕೆ ಚಾಲೂ ಇರಬೇಕು. ಸ್ಕ್ಯಾನ್ ಆದ ದಿನ ಬೇರೆ, ಮೂಲದ ಕಾಲ ಬೇರೆ. ಎಕ್ಸ್‌ಎಂಪಿಯ ರಚನಾ ದಿನಾಂಕದಲ್ಲಿ 1931 ಎಂದು ವರ್ಷವೊಂದನ್ನೇ ಬರೆದರೂ ನಡೆಯುತ್ತದೆ.

ಮುಂದಿನದು ಹುಡುಕುವ ತಂತ್ರಾಂಶದ ಹೊಂದಾಣಿಕೆ. ವಿಂಡೋಸ್‌ನಲ್ಲಿ ಎವ್ರಿಥಿಂಗ್ ತಂತ್ರಾಂಶದ 1.5 ಆವೃತ್ತಿಯ ಆಪ್ಷನ್ಸ್ ತೆರೆದು, ಇಂಡೆಕ್ಸಸ್ ಕೆಳಗಿನ ಪ್ರಾಪರ್ಟೀಸ್‌ಗೆ ಹೋಗಿ ಟ್ಯಾಗ್ಸ್, ಟೈಟಲ್, ಡೇಟ್ ಟೇಕನ್ ಇವುಗಳನ್ನು ಸೇರಿಸಬೇಕು. ಪ್ರತಿ ಫೈಲನ್ನೂ ತೆರೆದು ಓದಬೇಕಾದ್ದರಿಂದ ಇಡೀ ಡಿಸ್ಕ್ ಬಿಟ್ಟು, ಚಿತ್ರಗಳ ಫೋಲ್ಡರ್ ಮತ್ತು ಚಿತ್ರದ ಫೈಲ್ ಬಗೆಗಳಿಗೆ ಸೀಮಿತಗೊಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಲಿನಕ್ಸ್‌ನಲ್ಲಿ ರಿಕಾಲ್ ಎಂಬ ಹುಡುಕುವ ತಂತ್ರಾಂಶ ಚಿತ್ರದ ವಿವರ ಓದಲು ಎಕ್ಸಿಫ್‌ಟೂಲ್ ಅನ್ನೇ ನೆಚ್ಚಿಕೊಂಡಿದೆ. ಅದನ್ನು ಮೊದಲು ಹಾಕಿಕೊಂಡು, ಆಮೇಲೆ ಇಂಡೆಕ್ಸನ್ನು ಪೂರ್ತಿ ಹೊಸದಾಗಿ ಕಟ್ಟಿಸಬೇಕು.

ಹೆಚ್ಚಿನ ನಿಗಾ ಬೇಕಾದದ್ದು ಕೀವರ್ಡ್‌ಗಳಿಗೆ. ಹಲಸಂಗಿ ಗೆಳೆಯರಲ್ಲಿ ಒಬ್ಬರಾದ ಚೆನ್ನಮಲ್ಲಪ್ಪ ಗಲಗಲಿಯವರು ನಾಡಿಗೆ ಮಧುರಚೆನ್ನರೆಂದೇ ಪರಿಚಿತರು. ಅದೇ ಬಳಗದ ಸಿಂಪಿ ಲಿಂಗಣ್ಣನವರ ಹೆಸರು ಲಿಂಗಪ್ಪ ಎಂದೂ ಕಾಣಸಿಗುತ್ತದೆ. ಹಲಸಂಗಿಯ ಜಿಲ್ಲಾಕೇಂದ್ರ ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ಯಂತ್ರಕ್ಕೆ ಇವು ಒಂದೇ ಎಂಬುದು ತಿಳಿಯದು. ಚೆನ್ನ, ಚನ್ನ ಎಂಬ ಎರಡು ಬರವಣಿಗೆಗಳೂ ಅದಕ್ಕೆ ಬೇರೆ ಬೇರೆಯೇ. ಆದ್ದರಿಂದ ಎಲ್ಲ ರೂಪಗಳನ್ನೂ ಟ್ಯಾಗ್ ಮಾಡಬೇಕು. ವಿಭಕ್ತಿ ಹತ್ತಿದ ‘ಹಲಸಂಗಿಯ’, ‘ಹಲಸಂಗಿಯಲ್ಲಿ’ ಎಂಬ ರೂಪಗಳೂ ರಿಕಾಲ್‌ನಲ್ಲಿ ಸಿಗಬೇಕಾದರೆ ಮೂಲಪದದ ಕೊನೆಗೆ ನಕ್ಷತ್ರಚಿಹ್ನೆ ಹಾಕಿ ಹುಡುಕಬೇಕು.

ಬರೆದ ವಿವರ ಉಳಿಯುವುದೂ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಮೆಟಾಡೇಟಾ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಫೈಲು ಹಾಗೆಯೇ ತಲುಪುತ್ತದೆ. ವಿವರವನ್ನು ಪಕ್ಕದ ಪ್ರತ್ಯೇಕ ಎಕ್ಸ್‌ಎಂಪಿ ಫೈಲಿನಲ್ಲಿ ಇಟ್ಟಿದ್ದರೆ ಚಿತ್ರದ ಜೊತೆ ಅದನ್ನೂ ನಕಲಿಸಬೇಕು.

ಎಲ್ಲ ಹೊಂದಿಸಿದ ಮೇಲೆ ‘ಮಧುರಚೆನ್ನ’ ಎಂದು ಹುಡುಕಿ ನೋಡುವುದು ಒಳ್ಳೆಯ ಪರೀಕ್ಷೆ. ಚಿತ್ರ ಬಾರದಿದ್ದರೆ ಮೊದಲು ಎಕ್ಸಿಫ್‌ಟೂಲ್‌ನಿಂದ ಫೈಲಿನಲ್ಲಿ ಟ್ಯಾಗ್ ಇದೆಯೇ ಎಂದು ನೋಡಬೇಕು. ಇದ್ದರೆ ದೋಷ ಇಂಡೆಕ್ಸಿನದು, ಇಲ್ಲದಿದ್ದರೆ ಬರೆಯುವ ಹಂತದ್ದು.