ಸ್ನೇಹಕೂಟದ ದಾಳ
ಅರಿಕುಠಾರಕ್ಕೆ 1818ರಲ್ಲಿ ತಂದೆಯ ಹೆಸರಿಟ್ಟು ಚಾಮರಾಜನಗರವೆಂದು ಕರೆದ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳ ದೊಡ್ಡ ರಸಿಕರು. ಆ ಊರಿನ, ಗುಂಡ್ಲುಪೇಟೆಯ ಜಗಲಿಗಳಲ್ಲಿ ಚೌಕಾಬಾರಕ್ಕೆ ನಾಲ್ಕು ಕವಡೆ ಸಾಕು. ಸೋತವರು ಎದ್ದು ಒಲೆ ಹಚ್ಚಲು ಹೋಗುತ್ತಾರೆ, ಅಷ್ಟೆ.

ಮಹಾನಗರಗಳ ಬ್ಯಾಕ್‌ಗ್ಯಾಮನ್ ಸ್ಪರ್ಧಾರಾತ್ರಿಗಳೂ ತಮ್ಮನ್ನು ಸ್ನೇಹಕೂಟವೆಂದೇ ಕರೆದುಕೊಳ್ಳುತ್ತವೆ. ಈ ಆಟ ಹದೀಸ್‌ಗಳು ತಡೆದ ‘ನರ್ದ್’ನ ವಂಶದ್ದು. ಚದುರಂಗದ ಬಗ್ಗೆ ಭಿನ್ನಮತ ಉಳಿಸಿಕೊಂಡ ಫಕೀಹರಲ್ಲೂ ಹೆಚ್ಚಿನವರು ನರ್ದನ್ನು ಪಣವಿಲ್ಲದಿದ್ದರೂ ಒಪ್ಪಲಿಲ್ಲ. ಅಷ್ಟು ಬಿಗಿ ಬೇಕೇ ಎಂದು ತರುಣರು ಕೇಳುತ್ತಾರೆ. ಕೇಳಲಿ. ಆದರೆ ಎಲ್ಲರ ಪ್ರವೇಶಶುಲ್ಕ ಕೂಡಿಸಿ ಗೆದ್ದವನ ಕೈಗಿತ್ತರೆ, ಬಹುಮಾನವೆಂದು ಕರೆದರೂ ಅದು ಪಣವೇ. ಮಹಾಭಾರತದಲ್ಲಿ ಧೃತರಾಷ್ಟ್ರ ಪಾಂಡವರನ್ನು ಕರೆಸಿದ್ದೂ ಸುಹೃದ್ಯೂತಕ್ಕೆ, ಅಂದರೆ ಗೆಳೆಯರ ಜೂಜಿಗೆ. ಧರ್ಮರಾಯ ಮೊದಲು ಒಡ್ಡಿದ್ದು ಒಂದು ಹಾರ ಮಾತ್ರ.